ಪಂಚಕದ ಮನೆಯ ನೀಲಿ ದೀಪ

ಉಪ್ಪುನೀರಿನ ತೊಟ್ಟಿಯಲ್ಲಿ ಚಿಪ್ಪು ಸಾಕಲು ಎಷ್ಟು ವ್ಯಾಟಿನ ದೀಪ ಬೇಕು ಎಂದು ಕೇಳಿಕೊಂಡು ಈಗಲೂ ತಿಂಗಳಿಗೊಬ್ಬರಾದರೂ ನನ್ನ ಬಾಗಿಲಿಗೆ ಬರುತ್ತಾರೆ. ಎಲ್ಲ ಹೊಸದಾಗಿ ಈ ಕೆಲಸಕ್ಕೆ ಇಳಿದವರು. ಕೈಯಲ್ಲಿ ಮೊಬೈಲು, ಅದರೊಳಗೆ ಯಾರೋ ವಿದೇಶದವನ ವಿಡಿಯೋ. ಅವರನ್ನು ಕೂರಿಸಿ ಟೀ ಕೊಟ್ಟು, ತೊಟ್ಟಿ ಎಷ್ಟು ಆಳ, ಯಾವ ಜಾತಿಯ ಚಿಪ್ಪು ಎಂದು ಕೇಳಿ, ಏನೋ ಒಂದು ಲೆಕ್ಕ ಹೇಳಿ ಕಳಿಸುತ್ತೇನೆ. ಹೇಳಬೇಕಾದ್ದು ಅಷ್ಟೇ ಅಲ್ಲ. ಪೂರ್ತಿ ಹೇಳಲು ಹೊರಟರೆ ಕಲ್ಯಾಣದುರ್ಗದವರೆಗೂ ಹೋಗಬೇಕಾಗುತ್ತದೆ, ಅಷ್ಟು ಹೊತ್ತು ಕೂರುವ ಪುರುಸೊತ್ತು ಯಾರಿಗೂ ಇಲ್ಲ. ನನಗೆ ಪುರುಸೊತ್ತು ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹೆಸರು ನರಸಿಂಹಪ್ಪ. ಹಿಂದೂಪುರದಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಚೇಪಲಾಯನ’ ಎಂದರೆ ಆಟೋದವರೂ ಮನೆ ತೋರಿಸುತ್ತಾರೆ. ತೆಲುಗಿನಲ್ಲಿ ಮೀನಿನವನು ಎಂದರ್ಥ. ಹೊಸಬರು ಮೀನು ಮಾರುವವನೆಂದುಕೊಂಡು, ಕಿಲೋ ಹೇಗೆ ಎಂದು ಕೇಳಿದ್ದೂ ಉಂಟು.

ಮೊದಲು ನಾನು ಟ್ಯೂಬ್‌ಲೈಟಿನ ಚೋಕ್ ರಿಪೇರಿ ಮಾಡುತ್ತಿದ್ದೆ. ಸುಟ್ಟ ಚೋಕನ್ನು ಎಸೆದು ಹೊಸದು ಹಾಕುವುದೇ ಸಲೀಸು ಎಂಬ ಕಾಲ ಬಂದಾಗ ನನ್ನ ಕೈಗೆ ಕೆಲಸ ತಪ್ಪಿತು. ಆಗ ಕರೆದವರು ಬಾಬಾಜಾನ್ ಸಾಹೇಬರು. ಅವರದು ಬಣ್ಣದ ಮೀನಿನ ಅಂಗಡಿ. ಊರಿನ ನಾಲ್ಕೈದು ಮನೆಯವರಿಗೆ ಉಪ್ಪುನೀರಿನ ತೊಟ್ಟಿಯ ಹುಚ್ಚು ಹಿಡಿಸಿದವರೂ ಅವರೇ.

“ಮೀನು ಸಾಕಾಕೆ ನಂಗೆ ಗೊತ್ತು ಕಣಪ್ಪ. ಬೆಳಕು ಸಾಕಾಕೆ ಬರಾಕಿಲ್ಲ. ನೀನು ಬಾ,” ಅಂದರು.

ಬೆಳಕನ್ನು ಸಾಕುವುದು ಎಂದರೇನು ಎಂದು ನನಗೆ ಆಗ ಅರ್ಥವಾಗಲಿಲ್ಲ. ಅವರು ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಒಂದು ತೊಟ್ಟಿ ತೋರಿಸಿದರು. ಕಲ್ಲಿನ ಮೇಲೆ ಅಂಗೈ ಅಗಲದ ಚಿಪ್ಪು, ಬಾಯಿ ತೆರೆದು ಕೂತಿತ್ತು. ಅಂಚಿನಿಂದ ಹೊರಕ್ಕೆ ಮಡಿಕೆ ಮಡಿಕೆಯಾಗಿ ಮಾಂಸದ ಸೆರಗು ಹರಡಿತ್ತು, ನೀಲಿ, ಅದರ ಮೇಲೆ ಹಸಿರು ಚುಕ್ಕಿ. ಬಿಲ್ಲಿನಲ್ಲಿ ಅದನ್ನು ಕ್ಲಾಮ್ ಎಂದು ಬರೆಯುತ್ತೇವೆ. ನೋಡಲು ಬಂದ ತೆಲುಗಿನವರು ಆಲ್ಚಿಪ್ಪ ಎನ್ನುತ್ತಾರೆ. ನನ್ನ ಬಾಯಲ್ಲಿ ಅದು ಚಿಪ್ಪು.

“ಇದಕ್ಕೆ ಏನು ಹಾಕ್ತೀರ ಸಾಹೇಬ್ರೇ ತಿನ್ನಾಕೆ?” ಎಂದು ಕೇಳಿದೆ.

ಅವರು ಮೇಲಿನ ದೀಪ ತೋರಿಸಿದರು. ನಾನು ತಮಾಷೆ ಎಂದುಕೊಂಡೆ. ನಿಜವೇ ಅದು. ಆ ಸೆರಗಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬೆಳಕು ಬಿದ್ದರೆ ಪಾಚಿ ಅಡುಗೆ ಮಾಡುತ್ತದೆ, ಚಿಪ್ಪು ಕೂತಲ್ಲೇ ಉಣ್ಣುತ್ತದೆ. ಬೆಳಕು ಇಲ್ಲದಿದ್ದರೆ ಉಪವಾಸ. ಮೀನಿನ ಹಾಗೆ ಗಾಜಿಗೆ ಬಂದು ಬಾಯಿ ಬಡಿದು ಹಸಿವು ಹೇಳಿಕೊಳ್ಳುವುದಿಲ್ಲ, ಸುಮ್ಮನೆ ಸೊರಗುತ್ತದೆ. ಕಂದು ಬಣ್ಣದ ದೊಡ್ಡ ಜಾತಿ ಸ್ವಲ್ಪ ಕಡಿಮೆ ಬೆಳಕಿನಲ್ಲೂ ಹೇಗೋ ತಳ್ಳುತ್ತದೆ. ಕಲ್ಲು ಕಚ್ಚಿ ಕೂರುವ ಈ ನೀಲಿ ಹಸಿರು ಸಣ್ಣ ಜಾತಿಗೆ ಮಾತ್ರ ನೆತ್ತಿಯ ಮೇಲೆ ಸೂರ್ಯನೇ ಬೇಕು. ಇನ್ನೊಂದು ಮಾತು, ಹುಡುಗರು ಇದನ್ನು ಮರೆಯಬಾರದು: ನಮ್ಮ ಸಮುದ್ರದಿಂದ ಎತ್ತಿದ್ದನ್ನು ಮುಟ್ಟಬೇಡಿ, ಅದು ಅಪರಾಧ. ಸಾಕಣೆಯಲ್ಲಿ ಬೆಳೆದದ್ದಕ್ಕೆ ಕಾಗದಪತ್ರ ಇರುತ್ತದೆ, ಕೇಳಿ ನೋಡಿಯೇ ತನ್ನಿ.

ಸಾಹೇಬರ ಹತ್ತಿರ ಮೀಟರು ಗೀಟರು ಏನೂ ಇರಲಿಲ್ಲ. ದೀಪಕ್ಕೂ ನೀರಿಗೂ ನಡುವೆ ಅಂಗೈ ಹಿಡಿದು ತಳದ ಮರಳು ನೋಡುತ್ತಿದ್ದರು. “ಬೆರಳು ಎಣಿಸಂಗೆ ನೆರಳು ಬಿದ್ರೆ ಬದುಕ್ತದೆ. ಮುದ್ದೆ ಹಂಗೆ ಬಿದ್ರೆ ಹೋಯ್ತದೆ,” ಎನ್ನುತ್ತಿದ್ದರು. ಟ್ಯೂಬ್‌ಲೈಟು ಹಾಕಿದ ತೊಟ್ಟಿಯಲ್ಲೆಲ್ಲ ಮುದ್ದೆಯೇ ಬೀಳುತ್ತಿತ್ತು. ಆರು ಟ್ಯೂಬು ಜೋಡಿಸಿದರೂ ಮುದ್ದೆ. ಆಮೇಲೆ ಮೆಟಲ್ ಹಾಲೈಡ್ ಬಲ್ಬು ತರಿಸಿದೆವು. ಬೆರಳು ಚೆನ್ನಾಗಿಯೇ ಎಣಿಸಬಹುದಿತ್ತು, ಆದರೆ ನಮ್ಮ ಕಡೆಯ ಬೇಸಿಗೆಯಲ್ಲಿ ಆ ಬಲ್ಬು ಉರಿಸಿದರೆ ತೊಟ್ಟಿಯ ನೀರು ಸ್ನಾನಕ್ಕೆ ಕಾಯಿಸಿದ ಹಾಗಾಗುತ್ತಿತ್ತು. ಒಂದು ಸಲ ಒದ್ದೆ ಕೈ ಕೊಡವಿದೆ. ಒಂದೇ ಒಂದು ಹನಿ ಬಲ್ಬಿಗೆ ತಾಗಿ ಢಂ ಎಂದು ಒಡೆದು ಗಾಜೆಲ್ಲ ನೀರಿಗೆ. ಮನೆಯ ಯಜಮಾನಿ ಅಡುಗೆಮನೆಯಿಂದ ಓಡಿ ಬಂದವರು ಮೀನನ್ನಾಗಲಿ ನನ್ನನ್ನಾಗಲಿ ನೋಡದೆ, ಸೋಫಾದ ಮೇಲೆ ನೀರು ಬಿದ್ದಿದೆಯಾ ಎಂದು ನೋಡಿದರು.

ಈ ಕೆಲಸದಲ್ಲಿ ಅದು ದಿನನಿತ್ಯದ್ದು. ಮನೆಯೊಳಗೆ, ನಡುಮನೆಯಲ್ಲಿ, ಅವರ ಟಿವಿ ಪಕ್ಕದಲ್ಲೇ ಎರಡು ಮೂರು ಗಂಟೆ ಇರುತ್ತೇವೆ. ಜಗಳ ಕೇಳುತ್ತೇವೆ, ಹೆಣ್ಣು ನೋಡುವ ಮಾತು ಕೇಳುತ್ತೇವೆ. ಯಾರೂ ನಮ್ಮೊಂದಿಗೆ ಮಾತಾಡುವುದಿಲ್ಲ. ನನಗೆ ಮನೆಗೆ ಹೋದರೂ ಅದೇ. ಹೆಂಡತಿ ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಕೊಂಡಳು. ಮಕ್ಕಳಿಲ್ಲ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಆಡಿದ ಮಾತೆಂದರೆ ಬಸ್ ಕಂಡಕ್ಟರಿಗೆ ಹೇಳಿದ ಊರಿನ ಹೆಸರು ಮಾತ್ರ. ಅದನ್ನು ನೋವೆಂದು ಹೇಳಿಕೊಳ್ಳಲು ಬಹಳ ವರ್ಷ ನಾಚಿಕೆಯಾಗುತ್ತಿತ್ತು. ಈಗ ನಾಚಿಕೆ ಇಲ್ಲ.

ಕಂಡಕ್ಟರು ಎಂದಾಗ ನೆನಪಾಯಿತು. ಉಪ್ಪುನೀರು ಕಲಸಿದ ಕ್ಯಾನುಗಳನ್ನು ನಾನು ಬಸ್ಸಿನಲ್ಲೇ ಸಾಗಿಸುತ್ತಿದ್ದೆ. ಲೇಪಾಕ್ಷಿ ಬಸ್ಸಿನ ಕಂಡಕ್ಟರೊಬ್ಬ ದಿನವೂ ಕೇಳುತ್ತಿದ್ದ: “ಏಮಯ್ಯಾ ಚೇಪಲಾಯನಾ, ಊರೆಲ್ಲ ಕುಡಿಯಾಕೆ ನೀರಿಲ್ಲ ಅಂತ ಸಾಯ್ತಾವ್ರೆ, ನೀನು ಉಪ್ಪುನೀರು ಹೊತ್ಕೊಂಡು ತಿರುಗ್ತೀಯಲ್ಲ, ಬುದ್ಧಿ ಉಂದಾ ನೀಕು?” ಬುದ್ಧಿ ಇದೆಯಾ ನಿನಗೆ ಎಂದು. ಅವನಾದರೂ ಮಾತಾಡಿಸುತ್ತಾನಲ್ಲ ಎಂದು ಕೆಲವೊಮ್ಮೆ ಬೇಕೆಂದೇ ಆ ಬಸ್ಸಿಗೇ ಕಾಯುತ್ತಿದ್ದೆ.

ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಒಂದು ಢಾಬಾದವರು ತೊಟ್ಟಿ ಹಾಕಿಸಿದ್ದರು. ಲಾರಿಯವರು ನೋಡಲಿ ಎಂದು ರಸ್ತೆ ಪಕ್ಕಕ್ಕೇ. ನಾನು ಚಿಪ್ಪು ಕೂರಿಸಿ, ದೀಪ ಹೊಂದಿಸಿ ಬಂದೆ. ಮುಂದಿನ ವಾರ ಹೋದರೆ ನನ್ನ ದೀಪ ಬಿಚ್ಚಿಟ್ಟು, ಬೋರ್ಡಿಗೆ ಕಟ್ಟುವ ಕೆಂಪು ಹಸಿರು ಸೀರಿಯಲ್ ಸೆಟ್ಟು ಇಳಿಬಿಟ್ಟಿದ್ದಾರೆ. ಚಿಪ್ಪು ಇದ್ದಬದ್ದ ಸೆರಗೆಲ್ಲ ಹೊರಕ್ಕೆ ಚಾಚಿ ಬೆಳಕು ಹುಡುಕುತ್ತಿತ್ತು. ಅದನ್ನು ನೋಡಿ ಯಜಮಾನನಿಗೆ ಖುಷಿಯೋ ಖುಷಿ. “ನೋಡು ಹೆಂಗೆ ಅರಳೈತೆ! ನಿನ್ನ ಬಿಳೀ ಲೈಟ್ನಾಗೆ ಹಿಂಗೆ ಅರಳಿತ್ತಾ?” ಎಂದ. ಅದು ಅರಳಿದ್ದಲ್ಲ, ಹಸಿದದ್ದು ಎಂದು ಹೇಳಿದೆ. ನಂಬಲಿಲ್ಲ. ಆಚೆ ವಾರ ಅದು ಬಾಯಿ ಕಿಸಿದುಕೊಂಡು ಬಿದ್ದಿತ್ತು. ಸತ್ತದ್ದನ್ನು ತೆಗೆಯುವಾಗ ಅವನು ಕೇಳಿದ, “ಫ್ರೈ ಮಾಡಾಕೆ ಆಯ್ತದಾ?” ಆ ದಿನ ನಾನು ಅಲ್ಲಿ ಊಟ ಮಾಡದೆ ಬಂದೆ.

ಅವನನ್ನು ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ. ಎಲ್‌ಇಡಿ ಬಂದ ಹೊಸದರಲ್ಲಿ ಹಿಂದೂಪುರದ ಡಾಕ್ಟರೊಬ್ಬರ ಮನೆಯಲ್ಲಿ ಹಳೆಯ ಬಲ್ಬು ಬಿಚ್ಚಿ ಎಲ್‌ಇಡಿ ಹಾಕಿದೆ. ಕೈಗೆ ಬಿಸಿಯೇ ತಾಗಲಿಲ್ಲ. ಬಿಸಿ ಇಲ್ಲವೆಂದ ಮೇಲೆ ಬೆಳಕೂ ಮೃದುವೇ ಇರಬೇಕು ಎಂದುಕೊಂಡು ಪೂರ್ತಿ ಏರಿಸಿ ಬಂದೆ. ಹತ್ತು ದಿನಕ್ಕೆ ಚಿಪ್ಪಿನ ಸೆರಗು ನಡುವಿನಿಂದ ಬೆಳ್ಳಗಾಯಿತು, ಒಳಗಿನ ಪಾಚಿಯೇ ಬೆದರಿ ಓಡಿಹೋಗಿತ್ತು. ಬಾಬಾಜಾನ್ ಸಾಹೇಬರು ಬೈಯಲಿಲ್ಲ. “ಹುಷಾರಿಲ್ದಿರೋನಿಗೆ ಗಂಜಿ ಕೊಡ್ದೆ ಬಾಡೂಟ ಹಾಕ್ದಂಗಾಯ್ತು ಕಣಪ್ಪ,” ಎಂದಷ್ಟೇ ಅಂದರು. ಅಲ್ಲಿಂದ ಮುಂದೆ ಯಾವ ಹೊಸ ದೀಪವನ್ನೂ ನಾನು ಕಾಲುಭಾಗದಿಂದ ಶುರುಮಾಡಿ ವಾರಕ್ಕಿಷ್ಟು ಎಂದು ಏರಿಸಿದ್ದೇನೆ. ನೀವೂ ಹಾಗೇ ಮಾಡಿ. ದಿನಕ್ಕೆ ಒಂಬತ್ತು ಗಂಟೆ ಸಾಕು. ಕೊನೆಯ ಒಂದು ಗಂಟೆ ಬಿಳಿ ಆರಿಸಿ ನೀಲಿ ಮಾತ್ರ ಉಳಿಸಿ. ಸಂಜೆಯಾಗುತ್ತಿದೆ ಎಂದು ಅದಕ್ಕೂ ಗೊತ್ತಾಗಬೇಕು.

ಇನ್ನು ಕಲ್ಯಾಣದುರ್ಗ.

ಅಲ್ಲಿ ತಿಪ್ಪೇಸ್ವಾಮಿ ಎಂಬವರು ಫೋಟೋ ಸ್ಟುಡಿಯೋ ಇಟ್ಟಿದ್ದರು. ಮದುವೆಯಾಗಲಿಲ್ಲ. ಅವರ ತಂಗಿ ಗೌರಮ್ಮನಿಗೂ ಮದುವೆಯಾಗಲಿಲ್ಲ. ಏಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅಣ್ಣ ತಂಗಿ ಇಬ್ಬರೇ ಒಂದು ಹಳೆಯ ಗಟ್ಟಿ ಮನೆಯಲ್ಲಿ ಇದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋಗೆ ಪಾಸ್‌ಪೋರ್ಟ್ ಫೋಟೋದವರು ಬಿಟ್ಟು ಬೇರೆಯವರು ಬರುತ್ತಿರಲಿಲ್ಲ. ಅಂಥ ಬಿಡುವಿನಲ್ಲಿ ಸ್ವಾಮಣ್ಣನಿಗೆ ಈ ಹುಚ್ಚು ಹತ್ತಿತು. ಸಾಹೇಬರ ಅಂಗಡಿಯಿಂದ ತೊಟ್ಟಿ, ಕಲ್ಲು, ನಾಲ್ಕು ಮೀನು, ಒಂದು ನೀಲಿ ಚಿಪ್ಪು ಹೋಯಿತು. ಪ್ರತಿ ಗುರುವಾರ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ನಾನು ಹೋಗುತ್ತಿದ್ದೆ. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ಸು.

ನನ್ನ ಇಡೀ ಕೆಲಸದಲ್ಲಿ ಬೆಳಕಿನ ವಿಷಯಕ್ಕೆ ನನ್ನೊಂದಿಗೆ ಜಗಳವಾಡಿದ ಒಬ್ಬರೇ ಒಬ್ಬ ಗಿರಾಕಿ ಅವರು. ಸ್ಟುಡಿಯೋದ ಹಳೆಯ ಲೈಟ್ ಮೀಟರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀರಿಗೆ ಇಳಿಸಿ, “ಬಲಗಡೆ ಅರ್ಧ ಸ್ಟಾಪ್ ಕಮ್ಮಿ ಐತಲ್ಲಾ ನರಸಿಂಹಪ್ಪ, ಮುಖದ ಒಂದು ಕಡೆ ನೆರಳು ಬಿದ್ದಂಗೆ,” ಎನ್ನುವರು. ನಾನು ಅಂಗೈ ಹಿಡಿದು ಬೆರಳು ತೋರಿಸುವೆ. ಅವರು ನಗುವರು. ಗೌರಕ್ಕ ಇಬ್ಬರಿಗೂ ರಾಗಿಮುದ್ದೆ ಬಡಿಸುವಳು. ಗುರುವಾರ ಬಂದರೆ ನಾನು ಬೆಳಿಗ್ಗೆ ಕನ್ನಡಿ ನೋಡಿ ತಲೆ ಬಾಚಿಕೊಳ್ಳುತ್ತಿದ್ದೆ ಎಂದರೆ ಉಳಿದದ್ದನ್ನು ನೀವೇ ತಿಳಿದುಕೊಳ್ಳಿ.

ಚಿಪ್ಪಿನ ಸೆರಗಿನ ಅಂಚಿಗೆ ಸಾಲಾಗಿ ಸಣ್ಣ ಕಣ್ಣುಗಳಿರುತ್ತವೆ. ಅವಕ್ಕೆ ರೂಪ ಕಾಣುವುದಿಲ್ಲ, ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತದೆ. ಯಾರಾದರೂ ಅಡ್ಡ ಬಂದರೆ ಸರಕ್ಕನೆ ಸೆರಗು ಒಳಗೆಳೆದುಕೊಳ್ಳುತ್ತದೆ. “ಬೆಳಕಿಗೆ ಅಡ್ಡ ನಿಲ್ಬ್ಯಾಡವ್ವ,” ಎಂದು ಸ್ವಾಮಣ್ಣ ತಂಗಿಗೆ ಹೇಳುತ್ತಲೇ ಇರುವರು. ಅವಳು ತೊಟ್ಟಿಯ ಮುಂದೆ ಹೋಗುವಾಗ ಬಗ್ಗಿ ಹೋಗುವುದನ್ನು ರೂಢಿಸಿಕೊಂಡಿದ್ದಳು. ಸಂಜೆ ಸ್ಟುಡಿಯೋ ಮುಚ್ಚಿ ಬಂದು, ತನ್ನ ಕೈಯಾರೆ ಬಿಳಿ ದೀಪ ಆರಿಸಿ, ಆರರಿಂದ ಏಳರವರೆಗಿನ ಆ ನೀಲಿ ಗಂಟೆಯಲ್ಲಿ ಅಣ್ಣ ತೊಟ್ಟಿಯ ಮುಂದೆ ಕೂರುತ್ತಾನೆ, ಆಗ ತಾನೂ ಕೂರುವುದುಂಟು, ಮಾತಿಲ್ಲ ಕತೆಯಿಲ್ಲ ಎಂದು ಅವಳು ಒಮ್ಮೆ ಹೇಳಿದ್ದಳು. ನಾನು ಅದನ್ನು ನೋಡಿರಲಿಲ್ಲ. ನನ್ನ ಬಸ್ಸು ನಾಲ್ಕಕ್ಕೆ.

ಒಂದು ಗುರುವಾರ ಕ್ಯಾನು ಹೊತ್ತುಕೊಂಡು ಹೋದರೆ ಬಾಗಿಲಿಗೆ ಬೀಗ, ಹೊಸ್ತಿಲಿಗೆ ಅಡ್ಡಲಾಗಿ ಮುಳ್ಳುಕಂಪೆ. ಸ್ವಾಮಣ್ಣ ಸೋಮವಾರ ಸ್ಟುಡಿಯೋದಲ್ಲಿ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದರು. ಹೋದ ಗಳಿಗೆ ಧನಿಷ್ಠಾ ಪಂಚಕದಲ್ಲಿ ಬಿದ್ದಿತ್ತು. ನಮ್ಮ ಕಡೆ ಆ ನಕ್ಷತ್ರಗಳಲ್ಲಿ ಸಾವಾದರೆ ಮನೆ ಬಿಡಬೇಕು. ಜೋಯಿಸರು ಮೂರು ತಿಂಗಳು ಹೇಳಿದ್ದರು. ಅಷ್ಟು ದಿನ ಒಲೆ ಹಚ್ಚುವಂತಿಲ್ಲ, ದೀಪ ಹಚ್ಚುವಂತಿಲ್ಲ, ಮನೆಯವರು ಯಾರೂ ಒಳಗೆ ಹೋಗುವಂತಿಲ್ಲ. ಗೌರಕ್ಕ ಎರಡು ಬೀದಿ ಆಚೆ, ಚಿಕ್ಕಪ್ಪ ರಾಮಲಿಂಗಪ್ಪನವರ ಮನೆಯಲ್ಲಿದ್ದಳು.

ಅವಳು ಅಳುತ್ತಿರಲಿಲ್ಲ. ಅನ್ನ ಬಿಟ್ಟಿದ್ದಾಳೆ, ಮಾತೂ ಬಿಟ್ಟಿದ್ದಾಳೆ ಎಂದು ಚಿಕ್ಕಪ್ಪನ ಮನೆಯವರು ಹೇಳಿದರು. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು: “ಅದು ಬದುಕೈತಾ?”

ನಾನು ರಾಮಲಿಂಗಪ್ಪನವರ ಹತ್ತಿರ ಹೋದೆ. ಎತ್ತರದ ಆಳು, ಖಡಕ್ ಮಾತು, ಕೆಟ್ಟವರಲ್ಲ.

“ನಿಂಗೆ ಸೂತಕ ಇಲ್ಲ. ನೀನು ಒಳಕ್ಕೆ ಹೋಗ್ಬೌದು. ಮೋಟರು ಓಡ್ಲಿ, ಮೀನಿಗೆ ತಿನ್ನಾಕೆ ಹಾಕು,” ಎಂದು ಬೀಗದ ಕೈ ಕೊಟ್ಟರು. “ದೀಪ ಮಾತ್ರ ಬ್ಯಾಡ.”

“ದೀಪ ಇಲ್ದಿದ್ರೆ ಆ ಚಿಪ್ಪು ಮೂರು ತಿಂಗಳು ತಡೆಯಾಕಿಲ್ಲ ಯಜಮಾನ್ರೇ. ಅದ್ರ ಊಟ ಅದೇ.”

“ಒಂದು ಆಲ್ಚಿಪ್ಪಕ್ಕೋಸ್ಕರ ಪಂಚಕದ ಮನೇಲಿ ದೀಪ ಹಚ್ಚಾನಾ? ಇನ್ನೊಂದು ಹೆಣ ಬಿದ್ರೆ ನೀನು ಬತ್ತೀಯಾ ಹೊರಾಕೆ?”

ಬೀಗದ ಕೈ ತೆಗೆದುಕೊಂಡು ಹೊರಟೆ. ಮುಳ್ಳು ಸರಿಸಿ ಒಳಗೆ ಹೋದೆ. ನಾಲ್ಕು ದಿನದ ಕತ್ತಲಲ್ಲಿ ಚಿಪ್ಪು ಸೆರಗನ್ನೆಲ್ಲ ಹೊರಚಾಚಿ ಹುಡುಕುತ್ತಿತ್ತು. ಗೌರಕ್ಕನ ಪ್ರಶ್ನೆ ನನ್ನ ಬೆನ್ನಿಗೇ ಇತ್ತು. ಅಣ್ಣ ಜೀವ ಇಟ್ಟುಕೊಂಡಿದ್ದದ್ದರಲ್ಲಿ ಉಳಿದದ್ದು ಅದೊಂದೇ, ಅದೂ ಹೋದರೆ ಈ ಹೆಂಗಸು ಎದ್ದು ಕೂರುವುದಿಲ್ಲ ಎಂದು ನನಗೆ ಅನ್ನಿಸಿತು. ಸ್ವಾಮಣ್ಣ ಕೈಯಲ್ಲೇ ಹಾಕಿ ಆರಿಸುತ್ತಿದ್ದ ದೀಪಕ್ಕೆ, ನನ್ನ ಚೀಲದಲ್ಲಿದ್ದ ಟೈಮರು ಸಿಕ್ಕಿಸಿ ಅವರ ಹೊತ್ತಿಗೇ ಹೊಂದಿಸಿದೆ. ಬೆಳಿಗ್ಗೆ ಹತ್ತಕ್ಕೆ ಹತ್ತಬೇಕು, ಆರಕ್ಕೆ ಬಿಳಿ ಆರಿ ನೀಲಿ ಉಳಿಯಬೇಕು, ಏಳಕ್ಕೆ ಅದೂ ಆರಬೇಕು. ಬೆಳಕನ್ನು ಅರ್ಧಕ್ಕೆ ಇಳಿಸಿದೆ. ಕಿಟಕಿಗೆಲ್ಲ ಒಳಗಿನಿಂದ ರಟ್ಟು ಬಡಿದೆ. ಹೊರಗೆ ಬಂದು ಬೀದಿಯಿಂದ ನೋಡಿದೆ. ಮಧ್ಯಾಹ್ನದ ಬಿಸಿಲು, ಏನೂ ಕಾಣಲಿಲ್ಲ. ಯಾರಿಗೂ ಹೇಳಲಿಲ್ಲ. ಗೌರಕ್ಕನಿಗೂ ಹೇಳಲಿಲ್ಲ. ಹೇಳಿದರೆ ಅವಳು ಚಿಕ್ಕಪ್ಪನ ಮಾತು ಮೀರಲಾರದೆ ಬೇಡ ಎಂದುಬಿಟ್ಟರೆ ಎಂದು ಭಯ. ನಾಲ್ಕು ಗಂಟೆಯ ಬಸ್ಸು ಹತ್ತಿದೆ.

ಗೋಡೆಯ ನೆತ್ತಿಯಲ್ಲಿ, ಜಂತೆಯ ಕೆಳಗೆ ಒಂದು ಗವಾಕ್ಷಿ ಇತ್ತು. ಮೊರದಗಲದ ಗಾಜು. ಹಗಲಲ್ಲಿ ಅದು ಕಪ್ಪಗೆ ಕಾಣುತ್ತದೆ. ಸಂಜೆ ಆರು ಗಂಟೆಗೆ, ಎಲ್ಲ ಮನೆಯಲ್ಲೂ ದೀಪ ಹಚ್ಚುವ ಹೊತ್ತಿಗೆ, ಅದು ಹೇಗೆ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ನಾನು ತೊಟ್ಟಿಗಳನ್ನು ಮುಂದಿನಿಂದ ಮಾತ್ರ ನೋಡಿದವನು, ಬೀದಿಯಿಂದ ನೋಡಿದವನಲ್ಲ.

ಮೊದಲ ಎರಡು ಗುರುವಾರ ಯಾರೂ ಏನೂ ಹೇಳಲಿಲ್ಲ. ಚಿಪ್ಪು ಚೇತರಿಸಿಕೊಂಡಿತ್ತು. ಮೂರನೆಯ ಗುರುವಾರ ಬಸ್‌ಸ್ಟ್ಯಾಂಡಿನಲ್ಲೇ ಗೌರಕ್ಕ ನನಗಾಗಿ ಕಾಯುತ್ತಿದ್ದಳು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ಮುಖಕ್ಕೆ ರಕ್ತ ಬಂದಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು.

“ಅಣ್ಣ ಬತ್ತಾವ್ನೆ ಕಣಪ್ಪ.”

“ಯಾರಕ್ಕಾ?”

“ನಮ್ಮಣ್ಣ. ದಿನಾ ಬತ್ತಾವ್ನೆ. ಆರು ಗಂಟೆಗೆ, ಸ್ಟುಡಿಯೋ ಮುಚ್ಕೊಂಡು ಬರೋ ಹೊತ್ಗೆ ಸರಿಯಾಗಿ ಗವಾಕ್ಷೀಲಿ ನೀಲಿ ಬೆಳಕು ಬತ್ತದೆ. ಏಳಕ್ಕೆ ಹೋಯ್ತದೆ. ಬೀದಿಯೋರೆಲ್ಲ ಹೆದರ್ಕೊಂಡವ್ರೆ. ನಂಗೇನು ಭಯ? ನಾನು ದಿನಾ ಹೋಗಿ ಎದುರುಗಡೆ ಕಟ್ಟೆ ಮೇಲೆ ಕೂತ್ಕೊತೀನಿ. ಅವ್ನು ಒಳಗೆ, ನಾನು ಹೊರಗೆ. ಆಮ್ಯಾಕೆ ಬಂದು ಒಂದು ತುತ್ತು ಉಣ್ತೀನಿ, ನಿದ್ದೆ ಬತ್ತದೆ.”

ಟೈಮರು ಎಂಬ ಮಾತು ನಾಲಗೆಯವರೆಗೂ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. “ಹಂಗಾ ಅಕ್ಕ,” ಎಂದೆ. ಅಷ್ಟು ಅಂದದ್ದೂ ಸುಳ್ಳೇ.

ಆಮೇಲೆ ಅವಳು ಉಳಿದ ಸುದ್ದಿ ಹೇಳಿದಳು. ಬೀದಿಯವರು ಚಿಕ್ಕಪ್ಪನ ಹತ್ತಿರ ಬಂದಿದ್ದರಂತೆ. ಸತ್ತವನು ಮನೆ ಬಿಟ್ಟಿಲ್ಲ, ಮೂರು ತಿಂಗಳಾದ ಮೇಲೂ ಬೀಗ ತೆಗೆಯುವುದು ಬೇಡ, ಆ ಮನೆಯನ್ನು ಕೆಡವಿಸಿಬಿಡಿ ಎಂದು ಒತ್ತಾಯ. ಚಿಕ್ಕಪ್ಪನಿಗೂ ಅದೇ ಸರಿ ಕಂಡಿದೆ. ಗೌರಿ ನಮ್ಮ ಮನೆಯಲ್ಲೇ ಇದ್ದುಬಿಡಲಿ, ಯಾರಿಗೆ ಭಾರ ಎಂದಿದ್ದಾರೆ.

“ಕೆಡವ್ದಾಗ ಅವ್ನೆಲ್ಲಿಗೆ ಹೋಯ್ತಾನೋ,” ಎಂದಳು. ತನ್ನ ನೆಲೆ ಹೋಗುತ್ತದೆಂಬ ಚಿಂತೆ ಅವಳ ಮಾತಲ್ಲಿ ಎಲ್ಲೂ ಇರಲಿಲ್ಲ.

ಆ ದಿನ ಚಿಪ್ಪನ್ನು ಹೇಗೆ ನೋಡಿದೆನೋ, ನೀರು ಹೇಗೆ ಬದಲಿಸಿದೆನೋ ನೆನಪಿಲ್ಲ. ಸುಮ್ಮನಿದ್ದರೆ ಅವಳ ಮನೆ ಹೋಗುತ್ತದೆ. ಬಾಯಿ ಬಿಟ್ಟರೆ ಅವಳ ಅಣ್ಣ ಎರಡನೆಯ ಸಲ ಹೋಗುತ್ತಾನೆ. ಆ ವಾರ ಹಿಂದೂಪುರದಲ್ಲಿ ಯಾರನ್ನಾದರೂ ಕೇಳೋಣವೆಂದರೆ ಬಾಬಾಜಾನ್ ಸಾಹೇಬರು ಹಾಸಿಗೆ ಹಿಡಿದಿದ್ದರು, ಮಾತು ಬಿದ್ದುಹೋಗಿತ್ತು. ಕೇಳಲು ನನಗೆ ಇನ್ನೊಬ್ಬರಿರಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ಮಾತು ಕೇಳಲು ಇನ್ನೊಬ್ಬ ಇಲ್ಲದಿರುವುದು ಎಂಥದ್ದು ಎಂದು ನನಗೆ ಪೂರ್ತಿ ತಿಳಿದದ್ದು ಆ ವಾರ.

ಮುಂದಿನ ಗುರುವಾರ ಬಸ್ಸಿಳಿದು ನೆಟ್ಟಗೆ ರಾಮಲಿಂಗಪ್ಪನವರ ಜಗಲಿಗೆ ಹೋದೆ. ಬೀದಿಯ ನಾಲ್ಕು ಜನ ಹಿರಿಯರೂ ಅಲ್ಲಿದ್ದರು. ಗೌರಕ್ಕ ಬಾಗಿಲ ಪಕ್ಕ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳು ಒಳಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ.

“ಯಜಮಾನ್ರೇ, ಆ ಮನೇಲಿ ಬರೋ ಬೆಳಕು ನಾನು ಇಟ್ಟಿದ್ದು,” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಚಿಪ್ಪು, ಪಾಚಿ, ಟೈಮರು, ಗವಾಕ್ಷಿ, ಎಲ್ಲ ಬಿಡಿಸಿ ಹೇಳಿದೆ. ಒಬ್ಬರು ತೆಲುಗಿನಲ್ಲಿ ಬೈದರು. ಇನ್ನೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮನೆಯ ಮಕ್ಕಳಿಗೆ ಮೂರು ವಾರ ತಾಯತ ಕಟ್ಟಿದ್ದರಂತೆ. ರಾಮಲಿಂಗಪ್ಪ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ.

“ಬ್ಯಾಡ ಅಂದ್ರೂ ಯಾಕೆ ಮಾಡ್ದೆ?”

“ಇನ್ನೊಂದ್ಸಲ ಕೇಳಿದ್ರೂ ಬ್ಯಾಡ ಅಂತಿದ್ರಿ.”

“ಅಂತಿದ್ದೆ,” ಎಂದು ಒಪ್ಪಿಕೊಂಡರು.

ಅವರೆಕಾಯಿ ಸುಲಿಯುವ ಕೈ ನಿಂತಿತ್ತು. ಗೌರಕ್ಕ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

“ಸಾಯಂಕಾಲದ ಹೊತ್ತು ನೀನು ಇರ್ತಿರ್ಲಿಲ್ವಲ್ಲಪ್ಪಾ. ನಾಲ್ಕಕ್ಕೆ ಹೋಯ್ತಿದ್ದೆ.”

“ಹೂಂ ಅಕ್ಕ. ಟೈಮರು. ತಾನೇ ಹತ್ತಿ ತಾನೇ ಆರ್ತದೆ.”

“ಹಂಗಾರೆ ಒಳಗೆ ಯಾರೂ ಇರ್ಲಿಲ್ವಾ?”

“ಯಾರೂ ಇರ್ಲಿಲ್ಲಕ್ಕ.”

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಎಷ್ಟೋ ಬಲ್ಬು ಒಡೆದಿದ್ದೇನೆ, ಎಷ್ಟೋ ಚಿಪ್ಪು ಕೊಂದಿದ್ದೇನೆ. ಆ ಒಂದು ಉತ್ತರ ಹೇಳಿದಾಗ ಆದಷ್ಟು ಸಂಕಟ ನನಗೆ ಯಾವುದರಲ್ಲೂ ಆಗಲಿಲ್ಲ. ಮೊದಲ ದಿನವೇ ಹೇಳಿದ್ದರೆ ಅವಳಿಗೆ ಅಷ್ಟು ದಿನದ ಸುಖವೂ ಇರುತ್ತಿರಲಿಲ್ಲ, ಈ ಪೆಟ್ಟೂ ಇರುತ್ತಿರಲಿಲ್ಲ. ಯಾವುದು ಹೆಚ್ಚು ಎಂದು ಅಳೆಯುವ ಮೀಟರು ನನ್ನ ಹತ್ತಿರ ಇಲ್ಲ.

ರಾಮಲಿಂಗಪ್ಪ ಆಮೇಲೆ ಒಂದು ತೀರ್ಮಾನ ಹೇಳಿದರು. ಮನುಷ್ಯನ ಕೈಯಿಂದ ಹಚ್ಚಿದ್ದು ದೀಪ, ಮಿಷನ್ನು ತಾನೇ ಹಚ್ಚಿಕೊಂಡದ್ದು ದೀಪ ಅಲ್ಲ, ಇರಲಿ. ಆದರೆ ಬೀದಿಗೆ ಕಾಣಬಾರದು. ಅವರೇ ಏಣಿ ಹತ್ತಿ ಹೊರಗಡೆಯಿಂದ ಗವಾಕ್ಷಿಗೆ ಗೋಣಿಚೀಲ ಬಡಿದರು. ಮನೆ ಕೆಡವುವ ಮಾತು ಅಲ್ಲಿಗೆ ನಿಂತಿತು. ಚಿಪ್ಪು ಉಳಿಯಿತು. ಗೌರಕ್ಕ ಆ ಕಟ್ಟೆಯ ಮೇಲೆ ಮತ್ತೆ ಕೂರಲಿಲ್ಲ.

ಮೂರು ತಿಂಗಳು ತುಂಬಿ ಶಾಂತಿ ಮಾಡಿಸಿ, ಹಸು ನುಗ್ಗಿಸಿ, ಬೀಗ ತೆಗೆದ ದಿನ ನಾನೂ ಹೋಗಿದ್ದೆ. ನೀರು ತಿಳಿಯಾಗಿತ್ತು. ಚಿಪ್ಪು ಮೊದಲಿಗಿಂತ ಒಂದು ಅಕ್ಕಿಕಾಳಿನಷ್ಟು ಅಗಲವೇ ಆಗಿತ್ತು. ಅದನ್ನು ಅವಳಿಗೆ ತೋರಿಸುವ ಆಸೆಯಿಂದ ಬೆಳಿಗ್ಗೆಯೇ ಗಾಜು ಒರೆಸಿ ಕಾದಿದ್ದೆ. ಗೌರಕ್ಕ ಒಳಗೆ ಬಂದಳು. ತೊಟ್ಟಿಯ ಮುಂದೆ ಬಗ್ಗದೆ, ನೆಟ್ಟಗೆ ನಡೆದು ಹೋದಳು. ಚಿಪ್ಪು ಸರಕ್ಕನೆ ಮುದುಡಿಕೊಂಡಿತು. ಅವಳು ತಿರುಗಿ ನೋಡಲಿಲ್ಲ.

ಜನ ಎಲ್ಲ ಹೋದ ಮೇಲೆ ನನ್ನ ಹತ್ತಿರ ಬಂದಳು.

“ಇದ್ನ ತಗಂಡು ಹೋಗ್ಬುಡು ನರಸಿಂಹಪ್ಪ.”

“ಅಕ್ಕಾ, ಸ್ವಾಮಣ್ಣನ…”

“ಅವ್ನದೇ. ಗೊತ್ತು. ನೋಡ್ದಾಗೆಲ್ಲ ನಂಗೆ ಆ ಮಿಷನ್ನೇ ಕಾಣ್ತದೆ ಕಣಪ್ಪ. ಯಾರೂ ಇಲ್ದಿರೋ ಮನೇಲಿ ತಾನೇ ಹತ್ಕೊಂಡು ತಾನೇ ಆರೋದು.” ಮತ್ತೆ ಹೇಳಿದಳು, “ನಿನ್ಮೇಲೆ ಸಿಟ್ಟಿಲ್ಲ. ನೀನು ನಂಗೋಸ್ಕರಾನೇ ಮಾಡ್ದೆ. ಒಂದು ಮಾತು ನಡೆಸ್ಕೊಡ್ತೀಯಾ?”

“ಹೇಳಕ್ಕ.”

“ಮಿಷನ್ನು ಬ್ಯಾಡ. ಕೈಯಲ್ಲಿ ಹಾಕು. ಆ ನೀಲಿ ಹೊತ್ನಲ್ಲಿ ಮುಂದೆ ಯಾರಾನ ಕೂತಿರ್ಬೇಕು.”

ಆಯಿತು ಎಂದೆ. ಒಂದು ಗೂಡ್ಸ್ ಆಟೋದಲ್ಲಿ ಅರ್ಧ ನೀರು ಕ್ಯಾನಿಗೆ ತುಂಬಿ, ತೊಟ್ಟಿಯನ್ನೂ ಕಲ್ಲುಗಳನ್ನೂ ಕಟ್ಟಿ, ಚಿಪ್ಪೂ ಮೀನೂ ಇದ್ದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೂಪುರಕ್ಕೆ ಬಂದೆ. ಸಾಹೇಬರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು, ಅಂಗಡಿ ಮುಚ್ಚಿತ್ತು. ಅದೇ ನನ್ನ ಕೊನೆಯ ಕೆಲಸ.

ಅಲ್ಲಿಂದೀಚೆಗೆ ‘ಆರು ಗಂಟೆಗೆ ಎಲ್ಲಿರುತ್ತೀರಿ’ ಎಂದು ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ, ತೊಟ್ಟಿಯ ಮುಂದೆ. ರೊದ್ದಂನಲ್ಲಿ ದೂರದ ವರಸೆಯ ತಂಗಿಯೊಬ್ಬಳ ಮೊಮ್ಮಗಳ ಮದುವೆಗೆ ಹೋದವನು ಧಾರೆ ಮುಗಿಯುತ್ತಿದ್ದಂತೆ ಉಣ್ಣದೆ ಬಸ್ಸು ಹತ್ತಿದೆ, ಅವರಿಗೆ ಇವತ್ತಿಗೂ ಸಿಟ್ಟಿದೆ. ಜ್ವರ ಬಂದ ದಿನವೂ ಕುರ್ಚಿ ಎಳೆದುಕೊಂಡು ಕೂತಿದ್ದೇನೆ. ಗೌರಕ್ಕ ಒಮ್ಮೊಮ್ಮೆ ಆ ಹೊತ್ತಿಗೆ ಫೋನು ಮಾಡುತ್ತಾಳೆ. “ಕೂತಿದ್ದೀಯಾ?” ಎನ್ನುತ್ತಾಳೆ. “ಕೂತಿದ್ದೀನಕ್ಕ,” ಎನ್ನುತ್ತೇನೆ. ಇಬ್ಬರೂ ಆಮೇಲೆ ಏನೂ ಮಾತಾಡುವುದಿಲ್ಲ. ಫೋನು ಇಡುವುದೂ ಇಲ್ಲ, ಏಳಾಗುವವರೆಗೆ.

ಹುಡುಗರೇ, ವ್ಯಾಟಿನ ಲೆಕ್ಕ ಬೇಕಾದರೆ ಹಗಲು ಬನ್ನಿ, ಹೇಳುತ್ತೇನೆ. ಈಗ ಆರಕ್ಕೆ ಇನ್ನು ಐದು ನಿಮಿಷ ಇದೆ. ಏಳಬೇಕು.